ಕೆಂಚನ ಮುಡಿ

ನಮ್ಮ ವೆಂಕಟಸ್ವಾಮಿಗೆ ಐವತ್ತೆಂಟು ವರ್ಷ. ಅದರಲ್ಲಿ ನಲವತ್ತು ವರ್ಷ ಕತ್ತರಿ ಹಿಡಿದೇ ಕಳೆದಿದ್ದಾನೆ. ಮಡಿವಾಳದ ಹಳೇ ಊರಿನಿಂದ ಕೆರೆಯ ಕಡೆಗೆ ಹೋಗುವ ಓಣಿಯಲ್ಲಿ, ಒಂದು ಪಿ.ಜಿ.ಗೂ ಒಂದು ಬಿರಿಯಾನಿ ಹೋಟೆಲಿಗೂ ಮಧ್ಯೆ ಸಿಕ್ಕಿಕೊಂಡಿರುವ ಎರಡು ಕುರ್ಚಿಯ ಸೆಲೂನು ಅವನದು. ಆ ಊರಿನ ಹಳೇ ಮನೆತನಗಳಲ್ಲಿ ಹುಟ್ಟಿದ ಯಾವ ಮಗುವಿನ ಜವಳವೂ ಅವನ ಕೈ ತಪ್ಪಿಸಿಕೊಂಡು ನಡೆದದ್ದಿಲ್ಲ. ಮಗು ಕಿರುಚಿ ಬೀದಿಯನ್ನೆಲ್ಲ ಒಂದು ಮಾಡುತ್ತಿದ್ದರೂ ಇವನು "ಆಯ್ತು ಆಯ್ತು ನನ್ನಪ್ಪ" ಎನ್ನುತ್ತಲೇ ನುಣ್ಣಗೆ ಬೋಳಿಸಿ, ಗಂಧ ಹಚ್ಚಿ, ತಾಯಿಯ ಮಡಿಲಿಗೆ ಹಾಕುತ್ತಿದ್ದ. ಹೊರಡುವಾಗ ಪ್ರತಿ ತಾಯಿಗೂ ಒಂದೇ ಮಾತು: "ಯೋಚ್ನೆ ಮಾಡ್ಬೇಡಿ, ನನ್ನ ಕೈಲಿ ಬೋಳಿಸ್ಕೊಂಡ ತಲೆ. ದುಪ್ಪಟ್ಟು ಬರ್ತದೆ."

ಆ ಜಂಬದ ಮಾತೇ ಒಂದು ದಿನ ಅವನ ಕುತ್ತಿಗೆಗೆ ಬಂತು. ತಂದದ್ದು ಮನುಷ್ಯರಲ್ಲ, ಒಂದು ನಾಯಿ.

ನಾಯಿ ನಾರಾಯಣಮ್ಮನದು. ನಾರಾಯಣಮ್ಮನಿಗೆ ಅರವತ್ತೇಳು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ನಾಲ್ಕು ಮಹಡಿ, ಒಂಬತ್ತು ಬಾಡಿಗೆ ಮನೆ. ಗಂಡ ಚಿಕ್ಕಬೈರಪ್ಪನಿಗೆ ಮಾತು ಕಡಿಮೆ, ಆ ಕೊರತೆಯನ್ನು ಆಕೆ ಬಡ್ಡಿ ಸಮೇತ ತುಂಬಿಕೊಡುತ್ತಾಳೆ. ಮೊಮ್ಮಗ ರೇವಂತ್ ಕೆಂಬಣ್ಣದ ಒಂದು ಪಮೇರಿಯನ್ ಮರಿ ತಂದು ಅದಕ್ಕೆ ಲಿಯೋ ಎಂದು ಹೆಸರಿಟ್ಟ. "ಲಿಯೋನೂ ಬೇಡ ಗಿಯೋನೂ ಬೇಡ, ನಮ್ಮಲ್ಲಿ ಕೆಂಪು ನಾಯಿಗೆಲ್ಲ ಕೆಂಚ ಅಂತಲೇ ಹೆಸ್ರು" ಎಂದು ಅಜ್ಜಿ ಆವತ್ತೇ ತೀರ್ಮಾನ ಮಾಡಿದಳು. ಕೆಂಚ ಬೆಳೆದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರೆ, ದಾರಿಹೋಕರು ನಿಂತು ಮೊಬೈಲು ತೆಗೆಯುತ್ತಿದ್ದರು. ಅಷ್ಟು ಕೂದಲು, ಅಷ್ಟು ಗತ್ತು!

ಎರಡು ವರ್ಷ ತುಂಬುವ ಹೊತ್ತಿಗೆ ಕೆಂಚನಿಗೆ ವಾಂತಿ ಭೇದಿ ಹತ್ತಿಕೊಂಡಿತು. ಐದು ದಿನ ಡ್ರಿಪ್ಸ್. ಐದನೆಯ ದಿನ ಅದು ಕಣ್ಣು ಕೂಡ ತೆರೆಯದಿದ್ದಾಗ, ನಾರಾಯಣಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಕೈ ಜೋಡಿಸಿದಳು. "ತಾಯಿ ಸಪ್ಪಲಮ್ಮ, ಇವನ್ನ ಉಳಿಸ್ಕೊಡು. ಇವನ ಮುಡಿ ನಿನಗೆ." ಮಕ್ಕಳಿಗೂ ಮೊಮ್ಮಕ್ಕಳಿಗೂ ಆಕೆ ಹೊತ್ತದ್ದು ಇದೇ ಹರಕೆ. ನಾಯಿಗೆ ಬೇರೆ ಹರಕೆ ಇರಬಹುದೆಂದು ಆಕೆಗೆ ಹೊಳೆಯಲೇ ಇಲ್ಲ. ಮಾರನೇ ದಿನ ಕೆಂಚ ಎದ್ದು ನಾಲ್ಕು ತುತ್ತು ಮೊಸರನ್ನ ತಿಂದಿತು.

ಯುಗಾದಿ ಕಳೆದ ಮೇಲೆ ಒಂದು ಶುಕ್ರವಾರ, ಎತ್ತರದ ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡಿರುವ ಸಪ್ಪಲಮ್ಮನ ಗುಡಿಯ ಮುಂದೆ ಎಲ್ಲರೂ ಸೇರಿದರು. ಪೂಜಾರಿ ತಡೆಯುತ್ತಾ, "ನಾಯಿ ಮುಡೀನಾ ನಾರಾಯಣಮ್ಮೋರೇ?" ಎಂದು ಕೇಳಿದ. "ಯಾಕೆ, ಇವನನ್ನ ಉಳಿಸಿದ್ದು ಆ ತಾಯಿ ತಾನೆ? ನೀನಾ?" ಎಂದಳು. ಪೂಜಾರಿ ಮಂಗಳಾರತಿ ತಟ್ಟೆ ಹುಡುಕಲು ಒಳಗೆ ಹೋದ.

ವೆಂಕಟಸ್ವಾಮಿಯಾದರೂ ಒಂದು ಗಳಿಗೆ ಯೋಚಿಸಬಹುದಿತ್ತು. ಯೋಚಿಸುವುದೇನು, ನಲವತ್ತು ವರ್ಷದಲ್ಲಿ ಬೋಳಿಸಿದ ಒಂದು ತಲೆಯೂ ಬೋಳಾಗಿ ಉಳಿದಿಲ್ಲವಲ್ಲ! ಜೊತೆಗೆ ಬೇಸಿಗೆ ಬೇರೆ, ಮೈ ತಂಪಾಗಿರುತ್ತದೆ ಎಂದುಕೊಂಡ. ಜೀರೋ ನಂಬರ್ ಹಾಕಿ ಮಿಷನ್ ಹಿಡಿದ. ಮುಖ ಮತ್ತು ಬಾಲದ ತುದಿ ಬಿಟ್ಟು ಉಳಿದದ್ದೆಲ್ಲ ಹೋಯಿತು. ಕೂದಲು ಒಂದು ಗೋಣಿಚೀಲದ ತುಂಬ ಆಯಿತು, ಚೀಲದ ಪಕ್ಕದಲ್ಲಿ ಸುಲಿದ ಕಡಲೆಕಾಯಿಯ ಹಾಗೆ ಕೆಂಚ ನಡುಗುತ್ತಾ ನಿಂತಿತ್ತು. ಜನ ನಕ್ಕರು. ನಾರಾಯಣಮ್ಮನೂ ನಕ್ಕಳು. ಇವನು ಬೋಳು ಬೆನ್ನಿಗೆ ಗಂಧ ಹಚ್ಚಿ, "ದುಪ್ಪಟ್ಟು ಬರ್ತದೆ ಅಕ್ಕ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದ.

ಒಂದು ತಿಂಗಳಾಯಿತು, ಎರಡಾಯಿತು. ಮಗುವಿನ ತಲೆಯಾಗಿದ್ದರೆ ಅಷ್ಟರಲ್ಲಿ ಕಪ್ಪಗೆ ಮುಚ್ಚಿಕೊಂಡಿರುತ್ತಿತ್ತು. ಆಷಾಢ ಮುಗಿದರೂ ಕೆಂಚನ ಬೆನ್ನ ಮೇಲೆ ಒಂದು ಎಳೆ ಕಾಣಲಿಲ್ಲ. ಚರ್ಮ ಕಪ್ಪಾಯಿತು, ಹೊಟ್ಟು ಏಳತೊಡಗಿತು. ಗತ್ತಿನಿಂದ ಕೂರುತ್ತಿದ್ದ ನಾಯಿ ಕಟ್ಟೆಯ ಕಡೆ ಮುಖ ಹಾಕುವುದನ್ನೇ ಬಿಟ್ಟಿತು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೂ ಮಂಚದ ಕೆಳಗೆ ನುಗ್ಗುತ್ತಿತ್ತು. ಮೂರನೇ ಮಹಡಿಯ ಬಾಡಿಗೆಯವರ ನೆಂಟರೊಬ್ಬರು "ಏನಜ್ಜಿ, ಹಂದಿಮರಿ ಸಾಕಿದ್ದೀರಾ?" ಎಂದು ಕೇಳಿ ಅಲ್ಲಿಂದ ಜೀವಸಹಿತ ಹೋದದ್ದೇ ದೊಡ್ಡದು.

ಆ ಸಿಟ್ಟಿನಲ್ಲೇ ನಾರಾಯಣಮ್ಮ ಸೆಲೂನಿಗೆ ಬಂದಳು. ಎರಡೂ ಕುರ್ಚಿಯಲ್ಲಿ ಗಿರಾಕಿಗಳಿದ್ದರು.

"ಏನೋ ವೆಂಕಟಸ್ವಾಮಿ, ದುಪ್ಪಟ್ಟು ಬರ್ತದೆ ಅಂದ್ಯಲ್ಲ? ದುಪ್ಪಟ್ಟು ನೀನೇ ಇಟ್ಕೊ. ಮುಂಚೆ ಇದ್ದಿದ್ದಾದ್ರೂ ತಂದ್ಕೊಡು."

"ಬರ್ತದೆ ಅಕ್ಕ, ಸ್ವಲ್ಪ ತಾಳಿ."

"ಎಲ್ಲಿಂದ ಬರ್ತದೆ? ಮೆಜೆಸ್ಟಿಕ್‌ನಿಂದ ಬಸ್ ಹತ್ಕೊಂಡು ಬರ್ತದಾ?"

ಗಿರಾಕಿಗಳು ಕನ್ನಡಿಯಲ್ಲೇ ನಕ್ಕರು. ವೆಂಕಟಸ್ವಾಮಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೆ ಸಂಜೆ ಅವನು ನಾರಾಯಣಮ್ಮನ ಮನೆಗೆ ಹೋಗಿ ನೋಡಿದಾಗ ಆಕೆಯ ಗಂಟಲು ಪೂರ್ತಿ ತಗ್ಗಿತ್ತು. ಮಡಿಲಲ್ಲಿ ನಾಯಿ ಮಲಗಿತ್ತು. "ತಾಯಿ ನನ್ನ ಹರಕೆ ಒಪ್ಪಿಲ್ಲ ಕಣೋ" ಎಂದಳು. "ಕೊಟ್ಟ ಜೀವಾನ ವಾಪಸ್ ಕೇಳ್ತಾಳೇನೋ." ಬೈಗುಳಕ್ಕೆ ಬಾಗದವನು ಆ ಮಾತಿಗೆ ಕುಸಿದುಹೋದ. ತಾಯಿಯದಲ್ಲ, ತಪ್ಪು ತನ್ನ ಕೈಯದು ಎಂದು ಅವನಿಗೆ ಅನಿಸಿತು. ಮಾರನೇ ದಿನದಿಂದ ಅವನೇ ಎಣ್ಣೆ ಬಾಟಲಿ ಹಿಡಿದು ಬರತೊಡಗಿದ.

ಮೊದಲು ಮದ್ದು ಶುರುವಾಯಿತು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ದಾಸವಾಳದ ಸೊಪ್ಪು, ಕಡೆಗೆ ಬಕ್ಕತಲೆಯ ಗಂಡಸರಿಗೆ ಹೇಳುವ ಈರುಳ್ಳಿ ರಸ. ಈರುಳ್ಳಿ ರಸ ಹಚ್ಚಿದ್ದನ್ನು ಕೆಂಚ ನೆಕ್ಕಿ ಸುಸ್ತಾದಾಗ ಇಬ್ಬರೂ ಅದನ್ನು ಆಟೋದಲ್ಲಿ ಹಾಕಿಕೊಂಡು ಡಾಕ್ಟರ್ ಶ್ವೇತಾ ಹತ್ತಿರ ಓಡಿದರು. ಹೋದ ಸಲ ಡ್ರಿಪ್ಸ್ ಹಾಕಿ ಉಳಿಸಿದವರು ಇವರೇ.

"ಈರುಳ್ಳಿ ನಾಯಿಗೆ ವಿಷ ಅಂತ ಗೊತ್ತಿಲ್ವಾ ನಿಮಗೆ?" ಎಂದು ಡಾಕ್ಟರ್ ಮೊದಲು ಚೆನ್ನಾಗಿ ಜಾಡಿಸಿದರು. ರಕ್ತ ಪರೀಕ್ಷೆ ಮಾಡಿ, ಬೇರೆ ಕಾಯಿಲೆ ಏನೂ ಇಲ್ಲ ಎಂದರು. ಆಮೇಲೆ ಬಾಲದ ತುದಿಯಲ್ಲಿ ಉಳಿದಿದ್ದ ಕೂದಲನ್ನು ಬಿಡಿಸಿ ತೋರಿಸಿದರು. "ನೋಡಿ, ಮೇಲೆ ಉದ್ದ ಕೂದಲು. ಒಳಗೆ ಹತ್ತಿ ಥರ ಇನ್ನೊಂದು. ಈ ಒಳಗಿನ ಕೂದಲು ಚಳಿಗೆ ದಟ್ಟವಾಗಿ ಬರುತ್ತೆ, ಬೇಸಿಗೆ ಹತ್ರ ಬಂದ್ರೆ ತಾನೇ ಉದುರುತ್ತೆ. ಬಿಸಿಲು ತಡೆಯೋದೂ ಅದೇ, ಚಳಿ ತಡೆಯೋದೂ ಅದೇ. ನೀವು ಎರಡನ್ನೂ ಬುಡಕ್ಕೆ ತೆಗೆದುಬಿಟ್ರಿ. ಈ ಜಾತೀಲಿ ಕೆಲವಕ್ಕೆ ಮತ್ತೆ ಬರುತ್ತೆ, ಕೆಲವಕ್ಕೆ ಬರೋದೇ ಇಲ್ಲ."

"ಎಷ್ಟು ದಿನ ಕಾಯ್ಬೇಕು ಮೇಡಂ?" ವೆಂಕಟಸ್ವಾಮಿ ಕೇಳಿದ.

"ದಿನ ಅಲ್ಲ. ಬೋಳಿಸಿದಾಗಿನಿಂದ ಎರಡು ವರ್ಷ ನೋಡಿ. ಬಿಸಿಲಿಗೆ ಬಿಡಬೇಡಿ, ಎಣ್ಣೆ ಗಿಣ್ಣೆ ಬೇಡ. ಮೆತ್ತಗಿನ ಬ್ರಷ್‌ನಲ್ಲಿ ವಾರಕ್ಕೊಂದ್ಸಲ ಉಜ್ಜಿ, ರಕ್ತ ಓಡಾಡ್ಲಿ."

ಮಂಗಳವಾರ ಸೆಲೂನಿಗೆ ರಜೆ. ಮುಂಚೆ ಆ ದಿನ ಮಧ್ಯಾಹ್ನದವರೆಗೆ ಗೊರಕೆ ಹೊಡೆಯುತ್ತಿದ್ದವನು ಅಂದಿನಿಂದ ಪ್ರತಿ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಬ್ರಷ್ ಹಿಡಿದು ನಾರಾಯಣಮ್ಮನ ಮನೆಯಲ್ಲಿ ಹಾಜರು. ಕೆಂಚ ಅವನ ವಾಸನೆ ಹಿಡಿದರೆ ಸಾಕು, ಮಂಚದ ಕೆಳಗಿನಿಂದ ಗುರ್ರೆನ್ನುತ್ತಿತ್ತು. ನಾರಾಯಣಮ್ಮ ಎಳೆದು ತಂದು ಮಡಿಲಲ್ಲಿ ಅವುಚಿ ಹಿಡಿದುಕೊಳ್ಳಬೇಕು, ಇವನು ಬೋಳು ಬೆನ್ನ ಮೇಲೆ ಹಗುರಾಗಿ ಬ್ರಷ್ ಆಡಿಸಬೇಕು. ಬಾಚಲು ಏನೂ ಇಲ್ಲದ ಮೈಯನ್ನು ಬಾಚುವುದೆಂದರೆ ಎಂಥ ಶಿಕ್ಷೆ ಎಂಬುದು ಅವನೊಬ್ಬನಿಗೇ ಗೊತ್ತು. ಚಿಕ್ಕಬೈರಪ್ಪ ಮೂಲೆಯಲ್ಲಿ ಪೇಪರ್ ಓದುತ್ತಾ ಕೂತು, ಕಾಫಿ ಬಂದಾಗ ಮೊದಲ ಲೋಟವನ್ನು ಇವನ ಕಡೆ ತಳ್ಳುತ್ತಿದ್ದ.

ಇದೆಲ್ಲದರ ಜೊತೆ ಇನ್ನೊಂದಾಯಿತು. ವೆಂಕಟಸ್ವಾಮಿ ಜವಳ ತೆಗೆಯುವುದನ್ನೇ ನಿಲ್ಲಿಸಿಬಿಟ್ಟ. ಯಾರಾದರೂ ಮಗು ಎತ್ತಿಕೊಂಡು ಬಂದರೆ "ಬೇರೆ ಕಡೆ ಹೋಗಿ ತಾಯಿ, ನನ್ನ ಕೈ ಸರಿ ಇಲ್ಲ" ಎನ್ನುತ್ತಿದ್ದ. ಹೆಂಡತಿ ರೇಖಾ ತಲೆ ಚಚ್ಚಿಕೊಂಡಳು. "ನಾಯಿ ಕೂದ್ಲಿಗೂ ಮಕ್ಕಳ ಕೂದ್ಲಿಗೂ ಏನ್ರೀ ಸಂಬಂಧ?" ಸಂಬಂಧವಿಲ್ಲ ಎಂದು ಅವನಿಗೂ ಗೊತ್ತು. ಆದರೆ ಮಗುವಿನ ತಲೆಗೆ ಕತ್ತಿ ಎತ್ತಿದರೆ ಬೆರಳು ನಡುಗುತ್ತಿತ್ತಲ್ಲ, ಅದಕ್ಕೆ ಏನು ಹೇಳುವುದು? ಕಟಿಂಗು, ಗಡ್ಡ ಇಷ್ಟಕ್ಕೆ ನಿಂತ.

ಮೊದಲ ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ತೊಡೆಯ ಮೇಲೆ, ಕತ್ತಿನ ಹಿಂದೆ ನಾಲ್ಕು ಒರಟು ಎಳೆಗಳು ಬಂದವು, ಅಷ್ಟೆ. ಎರಡನೆಯ ಚಳಿಗಾಲ ಜೋರಾಗಿಯೇ ಬಂತು. ನಾರಾಯಣಮ್ಮ ರೇವಂತನ ಹಳೇ ಸ್ಕೂಲ್ ಸ್ವೆಟರುಗಳೆರಡನ್ನು ಕತ್ತರಿಸಿ ಕೆಂಚನ ಅಳತೆಗೆ ಹೊಲಿದಳು. ಡಿಸೆಂಬರಿನಿಂದ ಆಚೆಗೆ ಸ್ವೆಟರ್ ಬಿಚ್ಚಲು ವೆಂಕಟಸ್ವಾಮಿಗೆ ಅಪ್ಪಣೆ ಇರಲಿಲ್ಲ. "ಥಂಡಿ ಹತ್ತಿದ್ರೆ ನೀನು ನೋಡ್ಕೊಂತೀಯಾ? ಕಾಲು ಉಜ್ಜು, ಸಾಕು." ಸ್ವೆಟರ್ ಬದಲಾಯಿಸುವಾಗ ಆಕೆಯ ಕೈಗೆ ಏನೋ ಮೆತ್ತಮೆತ್ತಗೆ ತಗುಲುತ್ತಿತ್ತಂತೆ. ಕಣ್ಣಿಗೆ ಪೊರೆ ಬಂದಿತ್ತು, ಸ್ವೆಟರಿನ ಉಣ್ಣೆ ಬಿಟ್ಟುಕೊಂಡಿದೆ ಎಂದುಕೊಂಡು ಸುಮ್ಮನಾಗಿದ್ದಳು.

ಶಿವರಾತ್ರಿ ಕಳೆದು ಹತ್ತು ದಿನಕ್ಕೆ, ಒಂದು ಶನಿವಾರ ಬೆಳಗ್ಗೆ, ವೆಂಕಟಸ್ವಾಮಿ ಒಬ್ಬ ಗಿರಾಕಿಯ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಸೋಪು ಹಚ್ಚುತ್ತಿದ್ದಾಗ ಫೋನ್ ಬಂತು. ನಾರಾಯಣಮ್ಮ ಅಳುತ್ತಿದ್ದಳು.

"ವೆಂಕಟಸ್ವಾಮಿ, ಬೇಗ ಬಾರೋ. ಸ್ವೆಟರ್ ಬಿಚ್ಚಿದೆ. ಇದ್ದ ನಾಲ್ಕು ಕೂದ್ಲೂ ಉದುರ್ತಾ ಐತೆ. ಮನೆ ತುಂಬಾ ಉದುರ್ತಾ ಐತೆ. ಹೋಯ್ತು ಕಣೋ, ಎಲ್ಲಾ ಹೋಯ್ತು."

ಬಲಗೆನ್ನೆಯನ್ನು ಹಾಗೇ ಬಿಟ್ಟು, "ಐದ್ನಿಮಿಷ ಸಾರ್" ಎಂದು ಇವನು ಬ್ರಷ್ ಎತ್ತಿಕೊಂಡು ಓಡಿದ. ಡಾಕ್ಟರ್ ಹೇಳಿದ ಎರಡು ವರ್ಷಕ್ಕೆ ಉಳಿದದ್ದು ಒಂದೇ ತಿಂಗಳು.

ನಡುಮನೆಗೆ ಕಾಲಿಟ್ಟರೆ ಎಲ್ಲೆಲ್ಲೂ ಕೂದಲು. ಫ್ಯಾನಿನ ಗಾಳಿಗೆ ಸೋಫಾ ಕೆಳಗಿಂದ ಉಂಡೆಉಂಡೆಯಾಗಿ ಉರುಳಿ ಬರುತ್ತಿತ್ತು. ಚಿಕ್ಕಬೈರಪ್ಪನ ಕಪ್ಪು ಪ್ಯಾಂಟು ಕಂಬಳಿಯಂತಾಗಿತ್ತು. ವೆಂಕಟಸ್ವಾಮಿ ಬಗ್ಗಿ ಒಂದು ಉಂಡೆ ಎತ್ತಿಕೊಂಡು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದ. ನಲವತ್ತು ವರ್ಷ ಕೂದಲು ಮುಟ್ಟಿದ ಬೆರಳುಗಳು ಅವು. ಒರಟಾಗಿರಲಿಲ್ಲ. ಹತ್ತಿಯ ಹಾಗೆ ಮೆತ್ತಗೆ, ತೆಳುಬಣ್ಣದ್ದು.

ಕೆಂಚ ಈ ಸಲ ಮಂಚದ ಕೆಳಗೆ ಹೋಗಲಿಲ್ಲ. ಮೈಯೆಲ್ಲ ತುರಿಕೆಯೋ ಏನೋ, ತಾನೇ ನಡೆದು ಬಂದು ಅವನ ಮೊಣಕಾಲಿಗೆ ಬೆನ್ನು ಒತ್ತಿ ನಿಂತಿತು. ಅವನು ಬ್ರಷ್ ಎಳೆದ. ಬ್ರಷ್ ತುಂಬಿ ಬಂತು. ಮತ್ತೆ ಎಳೆದ, ಮತ್ತೆ ತುಂಬಿತು. ಕಡೆಗೆ ಬೆನ್ನಿನ ಮಧ್ಯೆ ಎರಡು ಬೆರಳಿಂದ ಬೈತಲೆ ತೆಗೆದು ಕಣ್ಣು ಕಿರಿದು ಮಾಡಿ ನೋಡಿದ. ಉದುರುತ್ತಿರುವ ಹತ್ತಿಯ ನಡುವೆ, ಸೊಂಟದಿಂದ ಕತ್ತಿನವರೆಗೆ ಸಾಲಾಗಿ, ಹೊಳೆಯುವ ಕೆಂಪು ಎಳೆಗಳು ನಿಂತಿದ್ದವು.

"ಅಕ್ಕ, ಇದು ಕಾಯಿಲೆ ಅಲ್ಲ" ಎಂದ. "ಚಳಿಗೆ ಬಂದಿದ್ದು ಬೇಸ್ಗೆಗೆ ಉದುರ್ತಾ ಇದೆ. ಡಾಕ್ಟ್ರು ಹೇಳ್ಲಿಲ್ವಾ? ಉದುರ್ಬೇಕಾದ್ರೆ ಮೊದ್ಲು ಬಂದಿರ್ಬೇಕಲ್ಲಕ್ಕ!"

ನಾರಾಯಣಮ್ಮ ಬಗ್ಗಿ ಆ ಬೈತಲೆಯ ಮೇಲೆ ಬೆರಳಾಡಿಸಿದಳು. ಕಣ್ಣಿಗೆ ಕಾಣಲಿಲ್ಲವಾದರೂ ಬೆರಳಿಗೆ ಸಿಕ್ಕಿತು. ನೆಲದ ಮೇಲೆ ದೊಪ್ಪನೆ ಕೂತು, ಎರಡೂ ಕೈಯಲ್ಲಿ ಕೂದಲನ್ನು ಬಾಚಿ ಮಡಿಲಿಗೆ ಹಾಕಿಕೊಂಡು, ಅಳುತ್ತಲೇ ನಗತೊಡಗಿದಳು. ವೆಂಕಟಸ್ವಾಮಿಯೂ ನಾಚಿಕೆ ಬಿಟ್ಟು ಅತ್ತ. ಅವನು ಸೆಲೂನಿಗೆ ವಾಪಸಾದದ್ದು ಒಂದೂವರೆ ಗಂಟೆಯ ನಂತರ. ಬಲಗೆನ್ನೆಯವನು ತಾನೇ ಕನ್ನಡಿ ನೋಡಿಕೊಂಡು ಮುಗಿಸಿ ಹೋಗಿದ್ದ.

ಮಂಗಳವಾರ ಎಂದಿನಂತೆ ಬ್ರಷ್ ಹಿಡಿದು ಹೋದಾಗ ನಾರಾಯಣಮ್ಮ ಕೇಳಿದಳು, "ಶುಕ್ರವಾರ ಗುಡಿ ಹತ್ರ ಬರ್ತೀಯಾ? ಹರಕೆ ಐತೆ."

ವೆಂಕಟಸ್ವಾಮಿ ಬ್ರಷ್ ಕೆಳಗಿಟ್ಟು ಕೈ ಮುಗಿದ. "ಅಕ್ಕ, ದಮ್ಮಯ್ಯ ಅಂತೀನಿ. ಇನ್ನೊಂದ್ಸಲ ಇವನ ಮೈಗೆ ಮಿಷನ್ ಇಡೋಕೆ ನನ್ನಿಂದ ಆಗಲ್ಲ."

"ಇವನ್ದಲ್ಲ ಕಣೋ. ನಂದು. ಇವನ ಕೂದ್ಲು ಬಂದ್ರೆ ನನ್ನ ಮುಡಿ ಕೊಡ್ತೀನಿ ಅಂತ ಹೋದ ವರ್ಷಾನೇ ಹೇಳ್ಕೊಂಡಿದ್ದೆ. ನಿನ್ನ ಕೈಲೇ ಆಗ್ಬೇಕು."

ನಾರಾಯಣಮ್ಮನ ತುರುಬನ್ನು ಊರೇ ಬಲ್ಲದು. ಈ ವಯಸ್ಸಿನಲ್ಲೂ ಬಿಚ್ಚಿದರೆ ಸೊಂಟ ದಾಟುತ್ತದೆ, ಮದುವೆಮನೆಗಳಲ್ಲಿ ಹುಡುಗಿಯರು ಮುಟ್ಟಿ ನೋಡುತ್ತಾರೆ. "ಬೇಡಕ್ಕ, ಬೇರೆಯವರನ್ನ ಕರ್ಸಿ, ನಾನು ಮುಡಿ ತೆಗೆದು ಎರಡು ವರ್ಷ ಆಗ್ತಾ ಬಂತು" ಎಂದು ಅವನು ತೊದಲಿದ. ಪೇಪರಿನ ಹಿಂದಿನಿಂದ ಚಿಕ್ಕಬೈರಪ್ಪನ ಮಾತು ಕೇಳಿಸಿತು. "ಅವಳಿಗೆ ಧೈರ್ಯ ಐತೆ. ನಿನಗೇನಪ್ಪ ಭಯ?"

ಶುಕ್ರವಾರ ಬೆಳಗ್ಗೆ ಗುಡಿಯ ಮುಂದೆ ನಾರಾಯಣಮ್ಮ ಮಣೆಯ ಮೇಲೆ ಕೂತು ತುರುಬು ಬಿಚ್ಚಿದಳು. ಪಕ್ಕದಲ್ಲಿ ಕೆಂಚ ಮಲಗಿ, ಬಂದವರ ಹೋದವರ ಬಟ್ಟೆಗೆಲ್ಲ ತನ್ನ ಹತ್ತಿ ಹಂಚುತ್ತಿತ್ತು. ವೆಂಕಟಸ್ವಾಮಿ ಆಕೆಯ ತಲೆಗೆ ನೀರು ತಟ್ಟಿದ, ಹೊಸ ಬ್ಲೇಡು ಹಾಕಿದ, ಒಮ್ಮೆ ತನ್ನ ಬೆರಳುಗಳನ್ನು ನೋಡಿಕೊಂಡ. "ಶುರು ಮಾಡೋ, ಬಿಸಿಲೇರ್ತದೆ" ಎಂದಳು ನಾರಾಯಣಮ್ಮ. ಕತ್ತಿ ಹಣೆಯಿಂದ ನೆತ್ತಿಗೆ ಒಂದೇ ಗೆರೆಯಲ್ಲಿ ನೇರವಾಗಿ ಹೋಯಿತು.