ಹಣೆ ಕಾಣದ ವ್ಯಾಪಾರ

ನನ್ನ ಮೊಮ್ಮಗಳನ್ನು ಹೊಗಳುವುದಕ್ಕೆಂದೇ ಇದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ಅವಳೇ ತಿದ್ದುತ್ತಾಳೆ. ಅವಳ ಹೆಸರೆತ್ತಿದರೆ ಸಾಕು, ಈ ಮುದುಕಿಗೆ ಎದೆ ತುಂಬಿ ಬರುತ್ತದೆ. ಆದರೆ ಅವಳ ಕಥೆ ಹೇಳಹೊರಟರೆ ಅವಳಮ್ಮನ ಸಂಕಟವೇ ಮೊದಲು ಬರುತ್ತದೆ, ಏನು ಮಾಡಲಿ.

ಕಡೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆಗೆ ನಮ್ಮದೊಂದು ಗ್ರಂಥಿಗೆ ಅಂಗಡಿ. ಅರಿಶಿನ, ಕುಂಕುಮ, ಕರ್ಪೂರ, ಮದುವೆ ಸಾಮಾನು. ನನ್ನ ಮಗ ಅಂಗಡಿ ನೋಡಿಕೊಳ್ಳುತ್ತಿದ್ದ, ಸೊಸೆ ಕೊಬ್ಬರಿ ಕೆತ್ತುತ್ತಿದ್ದಳು. ಸಿಂಗಟಗೆರೆ ಕಡೆಯಿಂದ ಬರುವ ಒಣಕೊಬ್ಬರಿಯ ಕಂದು ಸಿಪ್ಪೆಯನ್ನು ಚೂಪು ಚಾಕಿನಲ್ಲಿ ಹೆರೆದು, ಒಳಗಿನ ಬಿಳುಪಿನಲ್ಲಿ ಬಳ್ಳಿ, ನವಿಲು, ಗಂಡು ಹೆಣ್ಣಿನ ಹೆಸರು ಮೂಡಿಸುವ ಕೆಲಸ ಅದು. ಮದುವೆಯ, ಸೀಮಂತದ ತಟ್ಟೆಗೆ ಅದಿಲ್ಲದೆ ಕಳೆಯೇ ಇಲ್ಲ.

ಮಗ ಹೋಗಿಬಿಟ್ಟ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲ. ಅಷ್ಟೇ ಬರೆಯಬಲ್ಲೆ.

ಕರ್ಮಾಂತರ ಮುಗಿದ ಮೇಲೆ ಸೊಸೆ ಅಂಗಡಿಯಲ್ಲಿ ಕೂತಳು. ಯಾರೂ ಏನೂ ಅನ್ನಲಿಲ್ಲ. ಬರುತ್ತಿದ್ದರು, ಅವಳ ಬರಿ ಹಣೆ ನೋಡುತ್ತಿದ್ದರು, "ಆಮೇಲೆ ಬತ್ತೀವಿ ಕಣಮ್ಮ" ಅಂದು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಒಬ್ಬ ಮುದುಕಿ ಮಾತ್ರ ಬಾಯಿ ಬಿಟ್ಟು ಹೇಳಿದಳು: "ನೀನು ಒಳಗಿರವ್ವ. ನಿಮ್ಮತ್ತೇನ ಮುಂದೆ ಕೂರ್ಸು. ಅವಳ ಹಣೇಲಿ ಇನ್ನೂ ಕುಂಕುಮ ಐತೆ."

ನಮ್ಮ ಯಜಮಾನರು ಇದ್ದಾರಲ್ಲ, ಅದಕ್ಕೆ. ಅವತ್ತಿನಿಂದ ನಾನು ಗಲ್ಲಾದ ಮುಂದೆ, ಅವಳು ಪರದೆಯ ಹಿಂದೆ. ಚಾಕು ಕೊಬ್ಬರಿ ಹೆರೆಯುವ ಸದ್ದು ಆ ಕಡೆಯಿಂದ ಕೇಳುತ್ತಿತ್ತು. ಆದರೂ ಕೆತ್ತುವವಳು ಯಾರು ಅಂತ ಊರಿಗೆ ಗೊತ್ತಿತ್ತಲ್ಲ! ಮದುವೆಯವರು ನಮ್ಮ ಕಡೆ ತಲೆ ಹಾಕುವುದೇ ನಿಂತಿತು. ಅಂಗಡಿ ಮುಚ್ಚಿಬಿಡೋಣ ಅಂತ ಯಜಮಾನರು ಅನ್ನತೊಡಗಿದರು.

ಆಗ ಎದ್ದು ನಿಂತಳು ನೋಡಿ ನನ್ನ ಮೊಮ್ಮಗಳು. ಡಿಗ್ರಿ ಓದುತ್ತಿದ್ದಳು.

"ಅಜ್ಜೀ, ಅಮ್ಮನ ಕೊಬ್ಬರೀನ ಸ್ಟೇಟಸ್ಸಿಗೆ ಹಾಕ್ತೀನಿ."

"ಬಾಗ್ಲು ಮುಚ್ಚೋ ಅಂಗಡಿಗೆ ಎಲ್ಲಿಂದ ಬಂತೇ ಸ್ಟೇಟಸ್ಸು?"

"ಅಯ್ಯೋ, ಆ ಸ್ಟೇಟಸ್ ಅಲ್ಲ ಕಣಜ್ಜಿ! ಫೋನಲ್ಲಿ ಫೋಟೋ ಹಾಕೋದು. ನಂಬರ್ ಇರೋರೆಲ್ಲ ನೋಡ್ತಾರೆ."

ಅಂಗಡಿಗೆ ಬೇರೆ ನಂಬರ್ ತಗೊಂಡಳು. ಕಲ್ಯಾಣ ಮಂಟಪದವರು, ಹೂವಿನವರು, ಮದುಮಗಳಿಗೆ ಸಿಂಗಾರ ಮಾಡುವವರು, ಎಲ್ಲರಿಗೂ ಮೊದಲು ಫೋನ್ ಮಾಡಿ, ಕೇಳಿಕೊಂಡೇ ಫೋಟೋ ಕಳಿಸುತ್ತಿದ್ದಳು. "ಕೇಳ್ದೆ ಕಳ್ಸಿದ್ರೆ ಜನಕ್ಕೆ ರೇಗುತ್ತೆ ಅಜ್ಜಿ" ಅನ್ನುತ್ತಿದ್ದಳು. ತರೀಕೆರೆಯಿಂದ ಒಂದು ಆರ್ಡರು ಬಂತು. ಅಜ್ಜಂಪುರದಿಂದ ಬಂತು. ನಮ್ಮ ಬೀದಿಯವರು ದಾಟದಿದ್ದ ಹೊಸ್ತಿಲನ್ನು ಊರಾಚೆಯವರು ಫೋನಿನಲ್ಲೇ ದಾಟಿದರು. ಸಣ್ಣ ಅಂಗಡಿ ಇಟ್ಟವರು ಫೋನಿಗೆ ಹೆದರಬೇಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಎದುರಿಗೆ ಜನ ಬರದಿದ್ದರೆ ಅಂಗಡಿಯೇ ಜನರ ಕೈಯೊಳಕ್ಕೆ ಹೋಗಬೇಕು, ಇನ್ನೇನು ದಾರಿ?

ಆದರೆ ಫೋಟೋದಲ್ಲಿ ಇದ್ದದ್ದು ಕೊಬ್ಬರಿ ಮಾತ್ರ. ಹಣೆ ಇರಲಿಲ್ಲ. ಒಂದು ದಿನ ಸೊಸೆ ಮಗಳಿಗೆ ಹೇಳುವುದು ಕೇಳಿಸಿತು: "ಕೈ ಬರ್ದಂಗೆ ತೆಗಿಯೇ. ಬಳೆ ಇಲ್ದಿರೋದು ಗೊತ್ತಾಗುತ್ತೆ." ನಾನು ಸೆರಗು ಕಣ್ಣಿಗೊತ್ತಿಕೊಂಡು ಕರ್ಪೂರದ ಡಬ್ಬ ಜೋಡಿಸತೊಡಗಿದೆ.

ಹೀಗಿರುವಾಗ ಅಜ್ಜಂಪುರದ ಒಬ್ಬ ಹೆಂಗಸು ತಮ್ಮ ಮಗಳ ಸೀಮಂತಕ್ಕೆ ಕೊಬ್ಬರಿ ತರಿಸಿಕೊಂಡರು. ತಲುಪಿದ ಮೇಲೆ ಫೋನಿನಲ್ಲಿ ಮಾತಾಡಿ ಕಳಿಸಿದರು: "ಎಷ್ಟು ಚೆನ್ನಾಗೈತೆ ಕಣ್ರೀ! ಮಾಡಿದ ಕೈಗೆ ನಾವು ಅರಿಶಿನ ಕುಂಕುಮ ಕೊಡ್ಲೇಬೇಕು. ನೀವೇ ಬಂದು ನಮ್ಮ ಹುಡ್ಗೀಗೆ ಮೊದಲ್ನೇ ಆರತಿ ಎತ್ತಬೇಕು."

ಸೊಸೆ ಅದನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದಳು. ಅವಳನ್ನು ಯಾರಾದರೂ ಶುಭಕ್ಕೆ ಕರೆದು ಎಷ್ಟು ಕಾಲವಾಗಿತ್ತೋ. ಆಮೇಲೆ ನನ್ನ ಕಡೆ ತಿರುಗಿ, "ನೀವೇ ಹೋಗ್ಬನ್ನಿ ಅತ್ತೆ. ನೀವೇ ಕೆತ್ತಿದ್ದು ಅನ್ನಿ" ಅಂದಳು.

"ಗೆರೆ ಎಳೆಯಕ್ಕೂ ಬರದ ಕೈ ಇದು. ನಾನ್ಹೆಂಗವ್ವಾ ಹೋಗ್ಲಿ?" ಅಂದೆ.

ಚಾಕು ಕೆಳಗಿಟ್ಟು, ಫೋನು ತುಟಿಯ ಹತ್ತಿರ ಹಿಡಿದು ಅವಳೇ ಮಾತಾಡಿದಳು: "ಅಮ್ಮಾ, ನಮ್ಮ ಯಜಮಾನ್ರು ತೀರ್ಕೊಂಡವ್ರೆ. ನಾನು ಬರೋ ಹಂಗಿಲ್ಲ. ಮಗಳು ಚೆನ್ನಾಗಿರ್ಲಿ."

ನೀಲಿ ಗೆರೆ ಬಂತು. ಕೇಳಿದ್ದಾರೆ ಎಂದರ್ಥವಂತೆ. ಉತ್ತರ ಬರಲಿಲ್ಲ. ಸೀಮಂತದ ದಿನ ಆಕೆಯ ಸ್ಟೇಟಸ್ಸಿನಲ್ಲಿ ನಮ್ಮ ಕೊಬ್ಬರಿ ತಟ್ಟೆಯ ನಟ್ಟನಡುವೆ ಇತ್ತು. ಸೊಸೆ ಅದನ್ನು ನೋಡಿ, "ನವಿಲಿನ ಕೊಕ್ಕು ಇನ್ನೊಂಚೂರು ಚೂಪಾಗ್ಬೇಕಿತ್ತು" ಅಂದು ಒಳಗೆ ಹೋದಳು.

ಮೊಮ್ಮಗಳು ಹಿಂದೆಯೇ ಹೋಗಿ ಅವಳ ಮುಖಕ್ಕೆ ಫೋನು ಹಿಡಿದಳು.

"ಬೇಡ ಕಣೇ. ಬರೋ ಆರ್ಡರೂ ಬರಲ್ಲ."

"ಬರ್ದಿದ್ರೆ ಹೋಗ್ಲಿ. ನಾಳೆ ಇನ್ನೊಬ್ರು ಕರೀತಾರೆ. ಅವ್ರಿಗೂ ಹಿಂಗೇ ಅತ್ಕೊಂಡು ಹೇಳ್ತೀಯಾ? ಮೊದ್ಲೇ ನೋಡ್ಕೊಂಡು ಬರ್ಲಿ."

ಸೊಸೆ ಕೆತ್ತುತ್ತಿರುವುದು, ಬರಿಗೈ, ಬರಿ ಹಣೆ, ಎಲ್ಲವೂ ಸ್ಟೇಟಸ್ಸಿಗೆ ಹೋಯಿತು. ಕೆಳಗೆ ಬರೆದಿದ್ದಳು: ಇದನ್ನು ಕೆತ್ತುವವರು ನಮ್ಮಮ್ಮ.

ಒಪ್ಪಿಕೊಂಡಿದ್ದ ಆರ್ಡರುಗಳೂ ಬಿಟ್ಟುಹೋದವು. ಫೋನು ಸದ್ದಿಲ್ಲದೆ ಬಿದ್ದಿರುತ್ತಿತ್ತು. "ಅನ್ನದ ತಟ್ಟೆಗೆ ಕಲ್ಲು ಹಾಕ್ಕೊಂಡ್ಯಲ್ಲೇ" ಅಂತ ನಾನು ಮೊಮ್ಮಗಳನ್ನು ಬೈದೂ ಬೈದೆ. ಅವಳು ಮಾತ್ರ ದಿನಾ ಅಮ್ಮನ ಹೊಸ ಕೆಲಸ ತೆಗೆದು ಹಾಕುತ್ತಲೇ ಇದ್ದಳು.

ಒಂದು ಮಧ್ಯಾಹ್ನ ತರೀಕೆರೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. "ನಿಮ್ಮನ್ನ ನೋಡ್ದೆ ಕಣಮ್ಮಾ. ನಮ್ಮನೆಯವ್ರೂ ಇಲ್ಲ. ಮಗಳ ಮದ್ವೆ ಐತೆ. ಯಾವ್ದನ್ನೂ ಮುಟ್ಟಬೇಡ ಅಂತಾರೆ ನೆಂಟರು. ಹೆತ್ತೋಳು ನಾನು..." ಸೊಸೆ ಈ ಕಡೆಯಿಂದ, "ಬನ್ನಿ. ನೀವೂ ಒಂದು ಕೆತ್ತೀರಂತೆ" ಅಂದಳು.

ಆಕೆ ಬಂದರು. ಸೊಸೆಯ ಪಕ್ಕ ಚಾಪೆಯ ಮೇಲೆ ಕೂತು ಮಗಳ ಹೆಸರು ಕೆತ್ತಿದರು. ಚಾಕು ಜಾರಿ ಕೊನೆಯ ಅಕ್ಷರ ಸೊಟ್ಟಗಾಯಿತು.

"ಕೆಟ್ಟೋಯ್ತು, ತೆಗ್ದಾಕಿಬಿಡಿ."

"ತಟ್ಟೆ ಮಧ್ಯಕ್ಕೆ ಇದೇ ಇರ್ಲಿ" ಅಂದಳು ಸೊಸೆ.

"ಅಲ್ಲಿ ಯಾರಾದ್ರೂ ಕೇಳಿದ್ರೆ?"

"ಯಾರಿಗೂ ಹೇಳ್ಬೇಡಿ. ಧಾರೆ ಮುಗಿದ್ಮೇಲೆ ಮಗಳಿಗೊಬ್ಬಳಿಗೆ ಹೇಳಿ."

ಆಕೆ ಕೊಬ್ಬರಿ ಇಟ್ಟ ಡಬ್ಬವನ್ನು ಮಡಿಲಲ್ಲಿಟ್ಟು ಸೆರಗು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ಆಮೇಲೆ ತರೀಕೆರೆ ಬಸ್ಸಿನ ಹೊತ್ತಾಯಿತೆಂದು ಮೊಮ್ಮಗಳು ಅವರನ್ನು ಕೈಹಿಡಿದು ಎಬ್ಬಿಸಿದಳು.