ಪಲ್ಲೆ ಬುಟ್ಟಿಯೊಳಗಿನ ಮೊಲ

ಮೊನ್ನೆ ಮೊಮ್ಮಗಳ ಮೊಬೈಲಿನಲ್ಲಿ ಹಳೆಯ ಕಪ್ಪು-ಬಿಳುಪು ಫ್ರೆಂಚ್ ಚಿತ್ರವೊಂದು ತೆರೆದುಕೊಂಡಿತು. ಕಾಡಂಚಿನ ಹಳ್ಳಿ, ಕದ್ದು ಬೇಟೆಯಾಡುವವರು, ಗಡಿ ದಾಟಿಸಿ ಮಾಲು ಸಾಗಿಸುವವರು. ‘ಇದನ್ನ ಅರ್ಧ ನೋಡೀನಿ’ ಎಂದೆ. ಉಳಿದರ್ಧ ಯಾಕೆ ನೋಡಲಿಲ್ಲವೆಂದು ಅವಳಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ಗದಗ ಆಗತಾನೇ ಜಿಲ್ಲೆಯಾಗಿತ್ತು. ಎಂಥ ಹುರುಪಿನ ದಿನಗಳವು! ಎಲ್ಲವೂ ‘ಜಿಲ್ಲಾ ಮಟ್ಟದ್ದು’ ಆಗಬೇಕು. ಚಹಾದಂಗಡಿಯಲ್ಲಿ ಕೂತ ನಾವು ನಾಲ್ವರು ಮಾಸ್ತರರು ಜಿಲ್ಲಾ ಮಟ್ಟದ ಚಿತ್ರ ಸಂಘ ಕಟ್ಟಿದೆವು. ಫ್ರೆಂಚಿನ ಗಂಧವಿಲ್ಲದ ನಾನೇ ಸಂಘದ ಮೊದಲ ಪ್ರದರ್ಶನಕ್ಕೆ ತಂದ ಈ ಚಿತ್ರದ ಬಗ್ಗೆ ಭಾಷಣ ಮಾಡುವವನು. ಕಾಡಿನ ಕಥೆಯೆಂದು ಅರಣ್ಯ ಇಲಾಖೆಯ ಸಾಹೇಬರನ್ನು ಅತಿಥಿಯಾಗಿ ಕರೆದ ಜಾಣನೂ ನಾನೇ. ಜನ ಸಾಲದೆಂದು, ಹತ್ತಿರದ ಹರ್ತಿ ಹಳ್ಳಿಯಿಂದ ಸೊಪ್ಪು-ಪಲ್ಲೆ ಮಾರಲು ಬರುತ್ತಿದ್ದ ಫಕೀರಪ್ಪನನ್ನೂ ಒತ್ತಾಯದಿಂದ ಕೂರಿಸಿದೆ.

ಫಕೀರಪ್ಪ ‘ಮಾಸ್ತರ್ರ, ಇವತ್ತ ಮೆಂತೆ ಪಲ್ಲೆ ಭಾಳ ತೂಕ ಐತ್ರಿ’ ಎಂದನೆಂದರೆ ಬುಟ್ಟಿಯ ತಳದಲ್ಲಿ ಮೊಲದ ಮಾಂಸ ಇದೆಯೆಂದರ್ಥ. ಮೊಲ ಹಿಡಿಯುವುದು ಅಪರಾಧವೆಂದು ಇಬ್ಬರಿಗೂ ಗೊತ್ತಿತ್ತು. ಚಪ್ಪರಿಸುವಾಗ ನನಗೆ ಮಾತ್ರ ಮರೆಯುತ್ತಿತ್ತು. ಆ ರುಚಿ ಇಂದಿಗೂ ನೆನಪಿದೆ, ಸುಳ್ಳು ಯಾಕೆ ಹೇಳಲಿ!

ಭಾನುವಾರ ಬೆಳಿಗ್ಗೆ ಚಿತ್ರ ಶುರುವಾಯಿತು. ನಾಯಕ ಮೊಲಕ್ಕೆ ಉರುಲು ಕಟ್ಟಿದ. ಫಕೀರಪ್ಪನಿಗೆ ತಡೆಯಲಾಗಲಿಲ್ಲ, ಎದ್ದೇಬಿಟ್ಟ: ‘ಲೇ ಹುಚ್ಚಾ, ಅಷ್ಟ ಮ್ಯಾಲ ಕಟ್ಟಿದ್ರ ಮೊಲ ಬುಡಕ ನುಸುಳಿ ಹೊಕ್ಕೈತಿ! ನೆಲದಿಂದ ಒಂದ್ ಮುಷ್ಟಿ ಸಾಕು!’

ಸಭೆ ನಕ್ಕಿತು. ಸಾಹೇಬರು ನಗಲಿಲ್ಲ. ಚಿತ್ರ ನಿಲ್ಲಿಸಲು ಹೇಳಿ, ‘ಹಿಡಿದು ಯಾರಿಗೆ ಕೊಡ್ತೀ?’ ಎಂದು ಕೇಳಿದರು.

ಫಕೀರಪ್ಪ ನನ್ನತ್ತ ನೋಡಿದ. ನಾನು ಪ್ರೊಜೆಕ್ಟರಿನ ವೈರು ಸರಿಮಾಡತೊಡಗಿದೆ. ಅದು ಸರಿಯಾಗಿಯೇ ಇತ್ತು.

‘ಯಾರಿಗೂ ಇಲ್ರಿ ಸಾಹೇಬ್ರ. ನಾನ ತಿಂತೀನ್ರಿ.’

ಅವನನ್ನು ಜೀಪಿನಲ್ಲಿ ಕರೆದೊಯ್ದರು. ಚಿತ್ರ ಅರ್ಧಕ್ಕೇ ನಿಂತಿತು. ನಾಲ್ಕು ದಿನ ಅವನ ಸುಳಿವಿಲ್ಲ. ಆ ನಾಲ್ಕೂ ದಿನ ನಾನು ಹೆದರಿದ್ದು ಅವನಿಗಾಗಿ ಅಲ್ಲ, ನನ್ನ ನೌಕರಿಗಾಗಿ. ಐದನೆಯ ದಿನ ಬಂದ. ಬುಟ್ಟಿಯಲ್ಲಿ ಬರೀ ಮೆಂತೆ.

‘ಮಾಸ್ತರ್ರ, ಪಿಚ್ಚರ್ ಮುಂದ ಏನಾತ್ರಿ? ಅವ ಸಿಕ್ಕನೇನು?’

‘ಸಿಕ್ಕ’ ಎಂದೆ, ನೋಡದೆಯೇ.

‘ಮತ್ತ ಅವನ ಕಡಿಂದ ತೊಗೊಳ್ಳಾವ್ರು?’

‘ಅವರು ಪಿಚ್ಚರ್‌ನಾಗ ಬರಂಗಿಲ್ಲ.’

‘ಹೌದ್ರಿ, ಅವ್ರೆಲ್ಲಿ ಬರ್ತಾರ’ ಎಂದು ಸೊಪ್ಪಿನ ಕಟ್ಟು ಕೊಟ್ಟು ಹೋದ. ಆಮೇಲೆ ನಮ್ಮ ಓಣಿಗೆ ಬರಲಿಲ್ಲ.

ಮೊನ್ನೆ ಚಿತ್ರವನ್ನು ಕೊನೆಯವರೆಗೂ ನೋಡಿದೆ. ನಾಯಕ ಸಿಗುವುದೇ ಇಲ್ಲ. ಹೊಳೆ ದಾಟಿ ಪಾರಾಗುತ್ತಾನೆ. ಅಂದು ಗೊತ್ತಾಗಿದ್ದರೆ ಎಷ್ಟು ಖುಷಿಪಡುತ್ತಿದ್ದ ಫಕೀರಪ್ಪ! ಅದನ್ನೂ ಕಸಿದುಕೊಂಡೆನಲ್ಲ.

ಅವನಿನ್ನೂ ಹರ್ತಿಯಲ್ಲೇ ಇದ್ದಾನಂತೆ. ನಾಳೆ ಬಸ್ಸು ಹತ್ತುತ್ತೇನೆ. ನಾಯಕ ಪಾರಾದನೆಂದು ಮೊದಲು ಹೇಳುತ್ತೇನೆ. ಆಮೇಲೆ ಅವನ ಮಕ್ಕಳ ಎದುರಿಗೇ ಹೇಳಬೇಕು, ತಿಂದವನು ನಾನೆಂದು.