ಯಾರು ಎಲ್ಲಿ ಇಳಿಯುತ್ತಾರೆ

ಕಂಡಕ್ಟರಮ್ಮನ ಬಾಯಿ ಜೋರು, ನೆನಪು ಅದಕ್ಕಿಂತ ಜೋರು. ಜನ ತುಟಿ ಬಿಚ್ಚುವ ಮುಂಚೆಯೇ ಟಿಕೆಟ್ ಹರಿದು ಕೈಗಿಡುತ್ತಿದ್ದಳು. ಟೈಲರ್ ಎಂದರೆ ಗಡಿಯಾರದ ಕಂಬ, ನರ್ಸಮ್ಮ ಎಂದರೆ ಆಸ್ಪತ್ರೆಯ ಹಿಂಬಾಗಿಲು. ಯಾರಾದರೂ ತೂಕಡಿಸಿದರೆ, "ಏಳ್ರೀ ಮೇಷ್ಟ್ರೇ, ಸ್ಕೂಲು ನಿಮ್ಮನ್ನ ಹುಡುಕ್ಕೊಂಡು ಬರಲ್ಲ" ಎಂದು ಸೀಟಿನ ಕಂಬಿ ತಟ್ಟುತ್ತಿದ್ದಳು. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಅವಳಿಗೆ ಮದುವೆಯಾಗಿರಲಿಲ್ಲ. ಒಂದೇ ಕೋಣೆಯ ಬಾಡಿಗೆ ಮನೆ. ಊರಿನ ಇನ್ನೊಂದು ತುದಿಯಲ್ಲಿ ಅಕ್ಕ. ಆಡುವ ಮಾತನ್ನೆಲ್ಲ ಬಸ್ಸಿನಲ್ಲೇ ಆಡಿ ಮುಗಿಸಿ, ಮನೆಗೆ ಬಂದು ಸುಮ್ಮನೆ ಉಂಡು ಮಲಗುತ್ತಿದ್ದಳು.

ಒಂದು ಬೆಳಿಗ್ಗೆ ನಾಯಿ ಅಡ್ಡ ಬಂತೆಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಅವಳ ತಲೆ ಕಬ್ಬಿಣದ ಕಂಬಿಗೆ ಬಡಿಯಿತು. ಹೊಲಿಗೆ ಒಣಗಿದ ಮೇಲೆ ಕೆಲಸಕ್ಕೆ ಮರಳಿದಳು. ಸ್ಟಾಪುಗಳೆಲ್ಲ ನೆನಪಿದ್ದವು, ಕಣ್ಣು ಮುಚ್ಚಿದರೂ ತಿರುವು ಹೇಳಬಲ್ಲಳು. ಮುಖಗಳೂ ಹೊಸವೆನಿಸಲಿಲ್ಲ. ಯಾವ ಮುಖ ಯಾವ ಜಾಗದ್ದು ಎನ್ನುವುದು ಮಾತ್ರ, ಏನು ಮಾಡಿದರೂ ಹೊಳೆಯದು.

ಟೈಲರ್ ಎಂದಿನಂತೆ ಕೈ ಚಾಚಿದ.

"ಎಲ್ಲಿಗ್ರೀ?"

"ಏನಮ್ಮಾ, ತಮಾಷೆನಾ?"

"ಹೇಳಿದ್ರೆ ತಾನೇ ಟಿಕೆಟ್ ಕೊಡೋದು?"

ಅವನ ಮುಖ ಸಪ್ಪಗಾಯಿತು. ಕಂಡಕ್ಟರಮ್ಮನಿಗೆ ಜಂಬ ಬಂದಿದೆ ಎಂಬ ಮಾತು ಸೀಟಿನಿಂದ ಸೀಟಿಗೆ ಹಬ್ಬಿತು. ಅದು ಅವಳ ಕಿವಿಗೂ ಬಿತ್ತು. ಇದ್ದದ್ದು ಹೇಳಿದರೆ ಕೆಲಸ ಹೋದೀತೆಂದು ತುಟಿ ಕಚ್ಚಿಕೊಂಡಳು. ಮೆಲ್ಲಮೆಲ್ಲಗೆ ಜನರೂ ಅವಳ ಜೊತೆ ಮಾತು ಬಿಟ್ಟರು.

ಒಂದು ಸಂಜೆ ಅಕ್ಕ ಅವಳ ಕೋಣೆಗೆ ಬಂದಳು.

"ಬಾ ಅಕ್ಕ! ಏನೇ ಇದು, ಹೇಳದೆ ಕೇಳದೆ?"

ಅಕ್ಕ ಹೊಸಿಲಲ್ಲೇ ನಿಂತಳು. "ಬೆಳಿಗ್ಗೆ ಬಸ್ಸಲ್ಲಿ ನನ್ನನ್ನೇ 'ಎಲ್ಲಿಗಮ್ಮಾ' ಅಂದ್ಯಲ್ಲೇ! ಯಾವ ಜನ್ಮದ ಸಿಟ್ಟೇ ಅದು? ಅಳು ತಡೀಲಾರದೆ ಮುಂದಿನ ಸ್ಟಾಪಲ್ಲೇ ಇಳಿದುಬಿಟ್ಟೆ."

ತಂಗಿ ಹುಬ್ಬೇರಿಸಿದಳು. "ನೀನು ಬಸ್ಸಲ್ಲಿದ್ಯಾ?"

ಅಕ್ಕನ ಸಿಟ್ಟು ಅಲ್ಲೇ ಇಳಿದುಹೋಯಿತು. ಮಾರನೆಯ ದಿನವೇ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಸಾವಧಾನವಾಗಿ ಹೇಳಿದರು: "ತಲೇಲಿ ಜಾಗಗಳನ್ನ ನೋಡ್ಕೊಳ್ಳೋ ಭಾಗ ಬೇರೆ, ಜನರನ್ನ ನೋಡ್ಕೊಳ್ಳೋ ಭಾಗ ಬೇರೆ. ಇವೆರಡೂ ಒಂದಕ್ಕೊಂದು ಸುದ್ದಿ ಮುಟ್ಟಿಸ್ತಾ ಇದ್ರೇನೇ ಯಾರು ಎಲ್ಲಿಯವರು ಅಂತ ತಿಳಿಯೋದು. ನಿಮಗೆ ಎರಡೂ ಚೆನ್ನಾಗಿವೆ. ನಡುವೆ ಇರೋ ನರದ ಎಳೆಗಳಿಗೆ ಪೆಟ್ಟಾಗಿದೆ. ಮಾಮೂಲಿ ಜಾಗದಲ್ಲಿ ಕಂಡವರು ಗೊತ್ತಾಗ್ತಾರೆ, ಆಚೆ ಕಂಡ್ರೆ ಗೊತ್ತಾಗಲ್ಲ."

"ರೂಟ್ ಬಂದ್ ಆಗಿದೆ ಅನ್ನಿ."

ಡಾಕ್ಟರಮ್ಮ ನಕ್ಕರು. "ಸ್ವಲ್ಪ ಸ್ವಲ್ಪ ತೆರ್ಕೊಂಡ್ರೂ ತೆರ್ಕೋಬಹುದು. ಮಾತು ಮಾತ್ರ ಕೊಡಲಾರೆ."

ಡಾಕ್ಟರಮ್ಮನ ಚೀಟಿ ನೋಡಿ ಅವಳನ್ನು ಡಿಪೋದ ಸ್ಟೋರಿಗೆ ಹಾಕಿದರು. ಟಯರು, ಗ್ರೀಸ್ ಡಬ್ಬಿ, ಮುರಿದ ಸೀಟುಗಳ ನಡುವೆ ಒಂದು ಕಿಟಕಿ, ಒಂದು ಸ್ಟೂಲು. ಕಿಟಕಿಗೆ ಬಂದವರು ಮೆಕ್ಯಾನಿಕ್ಕುಗಳೆಂದು ತಿಳಿಯುತ್ತಿತ್ತು. ಅವರೇ ಗೇಟಿನ ಹತ್ತಿರ ನಕ್ಕರೆ, ಇವರಾರೋ ಎಂದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಕೊನೆಗೆ ಎದುರಿಗೆ ಬಂದವರಿಗೆಲ್ಲ ಒಂದೇ ಅಳತೆಯ ನಗೆ ನಗುವುದನ್ನು ರೂಢಿ ಮಾಡಿಕೊಂಡಳು. ಆ ನಗೆಗೆ ಎಲ್ಲರೂ ತಿರುಗಿ ನಕ್ಕರು. ಯಾರೂ ನಿಂತು ಮಾತಾಡಿಸಲಿಲ್ಲ.

ಭಾನುವಾರ ಅಕ್ಕನ ಮನೆ. ಅಲ್ಲಿ ಅಡುಗೆಮನೆಯಲ್ಲಿ ಅಕ್ಕ ಪೂರ್ತಿ ಅಕ್ಕನೇ. ಅದೇ ಗೊಣಗಾಟ, ಅದೇ "ಇನ್ನೊಂದು ತುತ್ತು ಹಾಕ್ಕೊಳ್ಳೇ." ತಂಗಿಯ ಬಾಯಿ ಅಷ್ಟು ಹೊತ್ತು ಮೊದಲಿನಂತೆ ಓಡುತ್ತಿತ್ತು. ಸಂಜೆ ಅಕ್ಕ ತೋಳು ಹಿಡಿದು ಬಸ್ಸಿನವರೆಗೂ ಬಂದು ಹತ್ತಿಸುತ್ತಿದ್ದಳು.

ಒಂದು ಭಾನುವಾರ ಸೀಟು ಹಿಡಿದು ಕಿಟಕಿಯಾಚೆ ನೋಡಿದರೆ, ಸ್ಟಾಪಿನಲ್ಲಿ ನಾಲ್ಕಾರು ಹೆಂಗಸರು. ಎಲ್ಲರನ್ನೂ ಎಲ್ಲೋ ನೋಡಿದ ಹಾಗೆ. ಇವರಲ್ಲಿ ಅಕ್ಕ ಯಾರು ಎಂದು ತಿಳಿಯದೆ, ಅವಳು ಎಲ್ಲರಿಗೂ ಸೇರಿಸಿ ಕೈ ಬೀಸಿದಳು. ಒಬ್ಬಾಕೆ ಬಸ್ಸು ತಿರುವು ದಾಟುವವರೆಗೂ ಕೈ ಬೀಸುತ್ತಲೇ ಇದ್ದಳು.